ನಿಂಬೆಸಿಪ್ಪೆ ಉಜ್ಜಿದ ಕೈ

ಚಿತ್ರಾನ್ನಕ್ಕೆ ಹಿಂಡಿದ ನಿಂಬೆಹೋಳನ್ನು ನಾನು ಕೂಡಲೇ ಬಿಸಾಡುವುದಿಲ್ಲ, ಸಿಂಕಿನ ಪಕ್ಕ ಇಟ್ಟಿರುತ್ತೇನೆ. ಇವತ್ತು ಬೆಳಿಗ್ಗೆ ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿಡ್ಲಘಟ್ಟದ ನಮ್ಮ ಎದುರುಮನೆಯ ಅಕ್ಕ ಬಚ್ಚಲ ಮುಂದೆ ಕೂತು ಬೆರಳು ತಿಕ್ಕುತ್ತಿದ್ದದ್ದು ಕಣ್ಣೆದುರು ಬಂತು...

ಅಕ್ಕ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಬಿಸಿನೀರಲ್ಲಿ ಕೈ. ಬೆಂದ ಹುಳದ ವಾಸನೆ ನಮ್ಮ ಬೀದಿಯಲ್ಲಿ ಯಾರಿಗೂ ವಾಸನೆಯೇ ಅಲ್ಲ, ಎಲ್ಲರ ಮನೆಯಲ್ಲೂ ಅದೇ. ಆದರೂ ಸಂಜೆ ಅವಳು ನಿಂಬೆಸಿಪ್ಪೆ ಉಜ್ಜದೆ ಹೊರಗೆ ಕಾಲಿಡುತ್ತಿರಲಿಲ್ಲ. ಉಜ್ಜುವುದು, ಮೂಸುವುದು, ಮತ್ತೆ ಉಜ್ಜುವುದು.

ಹೊರಗೆ ಕಾಯುತ್ತಿದ್ದವನು ಬೇರೆ ಕಡೆಯಿಂದ ನಮ್ಮ ಬೀದಿಗೆ ಬಾಡಿಗೆಗೆ ಬಂದಿದ್ದ ಕತೆಗಾರ. ಎಂಥ ಪುಕ್ಕಲ ಅಂತೀರಿ, ನೆಗಡಿಯಾದರೆ ಸತ್ತೇಹೋದೆ ಎನ್ನುವವನು. ಬರೆದದ್ದನ್ನು ಹರಿದು ಹಾಕಿ, ಹರಿದದ್ದಕ್ಕೆ ಅಳುವವನು. ಅಕ್ಕ ಆ ಚೂರುಗಳನ್ನು ಜೋಡಿಸಿಕೊಟ್ಟು, ಕತೆ ಪೂರ್ತಿ ಕೇಳಿ, ಧೈರ್ಯ ಹೇಳಿ ಕಳಿಸುತ್ತಿದ್ದಳು. ಸಿನಿಮಾಕ್ಕೆ ಬರೆಯುತ್ತೇನೆಂದು ಊರು ಬಿಡುವಾಗ ಅವನು ಅವಳಿಗೆ ಹೇಳಿದ್ದು ಇಷ್ಟೇ: "ಒಂದು ಪಿಕ್ಚರ್ ಆಗ್ಲಿ, ಬರ್ತೀನಿ."

ನೋಡಲು ಬಂದ ಗಂಡುಗಳನ್ನೆಲ್ಲ ಅಕ್ಕ ಏನೇನೋ ನೆಪ ಹೇಳಿ ವಾಪಸ್ ಕಳಿಸಿದಳು. "ವಾಡು ರಾಡು," ಅವನು ಬರೋದಿಲ್ಲ ಎಂದು ಅವರಮ್ಮ ತೆಲುಗಿನಲ್ಲಿ ಕಡ್ಡಿ ಮುರಿದಂತೆ ಹೇಳುತ್ತಿದ್ದರು. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೂ ಪಿಕ್ಚರ್ ಬಂತು. ಪೋಸ್ಟರಿನ ಮೂಲೆಯಲ್ಲಿ ಅವನ ಹೆಸರಿತ್ತು. ಅಕ್ಕ ಒಳ್ಳೆಯ ಸೀರೆಯುಟ್ಟು, ನನ್ನನ್ನು ಜೊತೆ ಮಾಡಿಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು. ತನಗೇನು ಹೇಳಬೇಕೋ ಅದನ್ನು ಅವನು ಪಿಕ್ಚರಿನಲ್ಲಿ ಹೇಳಿರುತ್ತಾನೆ ಎಂದು ನಂಬಿದ್ದಳು, ಪಾಪ.

ಹೀರೋ ಒಬ್ಬ ಅಂಜುಬುರುಕ ಬರಹಗಾರ. ಒಬ್ಬಳಾದ ಮೇಲೊಬ್ಬಳು ಹುಡುಗಿ, ಎಲ್ಲರ ಜೊತೆಗೂ ಎಡವಟ್ಟು. ಎರಡನೆಯವಳು ಸಣ್ಣ ಊರಿನವಳು. ಅವನು ಪ್ರೀತಿಯ ಮಾತಾಡಿದರೆ ಅವಳು ತನ್ನ ಕೈ ತಾನೇ ಮೂಸಿಕೊಳ್ಳುತ್ತಾಳೆ. ಮುತ್ತಿಡಲು ಬಂದರೂ ಮೂಸಿಕೊಳ್ಳುತ್ತಾಳೆ. ಜನ ಬಿದ್ದು ಬಿದ್ದು ನಕ್ಕರು. ಅವನು ಅವಳಿಂದ ತಪ್ಪಿಸಿಕೊಂಡು ಓಡಿದಾಗ ಸಿಳ್ಳೆ ಬಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ ಕೊನೆಯವರೆಗೂ ಕದಲದೆ ಕೂತಿದ್ದಳು, ಆ ಹುಡುಗಿ ಇನ್ನೊಮ್ಮೆ ಬರಬಹುದೆಂದು... ಬರಲಿಲ್ಲ. ಹೀರೋ ಬೇರೆ ಯಾರನ್ನೋ ಮದುವೆಯಾದ.

ವಾಪಸ್ ಬರುವಾಗ ಬಸ್ಸಿನಲ್ಲಿ, "ಹಾಳಾದೋನು, ನಿನ್ನ ಹುಚ್ಚಿ ಥರ ತೋರ್ಸಿದಾನಲ್ಲಕ್ಕ" ಎಂದೆ.

ಅಕ್ಕ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ನಂಗೆಲ್ಲಿ ಗೊತ್ತಾಗ್ತಿತ್ತು ಆ ವಾಸ್ನೆ? ಮೊದಲ್ನೇ ದಿನ ಅವನೇ ಮೂಗು ಮುಚ್ಕೊಂಡು ಹೇಳಿದ್ದು ಕಣೇ, ಕೈ ತೊಳ್ಕೊಂಡು ಬಾ ಅಂತ. ಅದೊಂದನ್ನ ಪಿಕ್ಚರ್‌ನಲ್ಲಿ ಹಾಕ್ಲೇ ಇಲ್ಲ ನೋಡು."

ಆಮೇಲೆ ಬಂದ ಮೊದಲ ಸಂಬಂಧಕ್ಕೇ ಒಪ್ಪಿಕೊಂಡಳು. ಗೌರಿಬಿದನೂರಿನ ಕಡೆಯವನು, ಹೆಂಡತಿ ತೀರಿಕೊಂಡಿದ್ದವನು. ಗೂಡು, ನೂಲು ಯಾವುದರ ಸೋಂಕೂ ಇಲ್ಲದ ಮನೆ. ಎಷ್ಟೋ ವರ್ಷಗಳ ಮೇಲೆ ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ನನ್ನ ಕಂಕುಳಲ್ಲಿ ಮಗಳಿದ್ದಳು. ಕೂಸನ್ನು ಎತ್ತಿಕೊಳ್ಳಲು ಆಸೆಯಿಂದ ಕೈ ಚಾಚಿದ ಅಕ್ಕ, ಅರ್ಧಕ್ಕೇ ತಡೆದು, ಕೈಯನ್ನು ಮೂಗಿನ ಹತ್ತಿರ ತಂದುಕೊಂಡಳು.

"ಬೇಡ ಬಿಡಮ್ಮ" ಎಂದು ಸೆರಗಿನಲ್ಲಿ ಕೈ ಮುಚ್ಚಿಕೊಂಡಳು.

ಅಕ್ಕ ಈಗಿಲ್ಲ. ಆ ಪಿಕ್ಚರ್ ಇದೆ. ಭಾನುವಾರಗಳಲ್ಲಿ ಟಿವಿಯಲ್ಲಿ ಹಾಕುತ್ತಿರುತ್ತಾರೆ, ಇವತ್ತೂ ಬಂದಿತ್ತು. "ಅಮ್ಮ, ಬೇಗ ಬಾ, ಕೈ ಮೂಸೋಳು ಬಂದ್ಲು" ಎಂದು ಮಗಳು ನಗುತ್ತಾ ಕೂಗಿದಳು. ನಾನು ಕೈ ಒರೆಸಿಕೊಂಡು ಹೋಗಿ ಅವಳ ಪಕ್ಕ ಕೂತೆ. ನನ್ನ ಹತ್ತಿರ ಅಕ್ಕನದೊಂದು ಫೋಟೋ ಕೂಡ ಇಲ್ಲ. ಅವಳನ್ನು ನೋಡಬೇಕೆಂದರೆ ನನಗೂ ಆ ಸೀನೇ ಗತಿ.