ದನಿ ಹೋದ ಮೇಲೆ

ಗಂಟಲಿನ ಗಡ್ಡೆ ತೆಗೆಸಲು ಹುಬ್ಬಳ್ಳಿಗೆ ಹೋದಾಗ, ದನಿಯ ನರಕ್ಕೆ ಪೆಟ್ಟಾಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ನನಗೆ ಹಾಗಾಗುವುದಿಲ್ಲವೆಂಬ ಧೈರ್ಯವಿತ್ತು. ಶಿರಸಿಯ ನಮ್ಮ ಚರ್ಚಿನಲ್ಲಿ ಮದುವೆಯಾಗಿ ಬಂದಂದಿನಿಂದ ಹಾಡು ಎತ್ತಿಕೊಡುತ್ತಿದ್ದವಳು ನಾನು. ತನಗಾಗಿ ಹಾಡುವ ಗಂಟಲನ್ನು ದೇವರು ಕಾಯದೆ ಇರುತ್ತಾನೆಯೇ ಎಂದುಕೊಂಡಿದ್ದೆ. ಆಪರೇಷನ್ ಮುಗಿದು ಎಚ್ಚರವಾದಾಗ ನೀರು ಕೇಳಲು ಬಾಯಿ ತೆರೆದರೆ ಬರೀ ಗಾಳಿ ಬಂತು.

ಗಡ್ಡೆ ಅಪಾಯದ್ದಲ್ಲವೆಂದು ವರದಿ ಬಂತು. ಮನೆಯವರು ನಿಟ್ಟುಸಿರು ಬಿಟ್ಟರು. ರಜೆ ಮುಗಿಸಿ ಶಾಲೆಗೆ ಹೋದೆ. ನಾನು ಎರಡನೇ ತರಗತಿಯ ಶಿಕ್ಷಕಿ. ಪಿಸುಗುಟ್ಟುತ್ತ ಪಾಠ ಹೇಳಿದೆ. ಮಕ್ಕಳೂ ಪಿಸುಗುಟ್ಟುತ್ತಲೇ ಉತ್ತರ ಕೊಡತೊಡಗಿದರು. ಪಕ್ಕದ ತರಗತಿಯ ಶಿಕ್ಷಕಿ ನಿಮ್ಮ ಮಕ್ಕಳು ಎಲ್ಲಿ ಹೋದರು ಎಂದು ಇಣುಕಿ ನೋಡಿದ್ದುಂಟು. ಶಾಲೆಯನ್ನು ಹೇಗೋ ಸುಧಾರಿಸಿದೆ. ಚರ್ಚಿಗೆ ಹೋಗುವುದು ಮಾತ್ರ ಆಗಲಿಲ್ಲ. ಒಂದು ಭಾನುವಾರ, ಬೇರೊಬ್ಬಳು ಹಾಡು ಎತ್ತಿಕೊಂಡಾಗ ಬಾಯಿ ಮುಚ್ಚಿ ನಿಂತಿದ್ದೆ. ಮರುವಾರದಿಂದ ತಲೆನೋವೆಂದು ಮನೆಯಲ್ಲೇ ಉಳಿದೆ. ಪ್ರಾರ್ಥನೆಯೂ ನಿಂತುಹೋಯಿತು.

ಅದೇ ಹೊತ್ತಿಗೆ ಅತ್ತೆ ಯಲ್ಲಾಪುರದಿಂದ ಬಂದರು. ನನಗೂ ಅವರಿಗೂ ಅಂಥ ಸಲಿಗೆಯಿರಲಿಲ್ಲ. ಮಾವ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ಅವರೊಬ್ಬರೇ ನೋಡಿಕೊಂಡಿದ್ದರು. ಅದರ ಬಗ್ಗೆ ಎಂದೂ ಮಾತಾಡಿದವರಲ್ಲ. ಭಾನುವಾರ ನಾನು ಚರ್ಚಿಗೆ ಹೊರಡದಿದ್ದುದನ್ನು ನೋಡಿದರು. ಮಧ್ಯಾಹ್ನ ಇಬ್ಬರೂ ಮೀನು ಹೆಚ್ಚುತ್ತಿದ್ದಾಗ, ಪ್ರಾರ್ಥನೆ ಯಾಕೆ ಬಿಟ್ಟೆ ಎಂದು ಕೇಳಿದರು. ದನಿಯಿಲ್ಲವಲ್ಲ ಎಂದು ಗಂಟಲು ತೋರಿಸಿದೆ.

"ಸದ್ದಿಲ್ಲ ಅಂದ್ರ ದೇವರಿಗೆ ಕೇಳ್ಸೂದಿಲ್ಲ ಅಂತ ಯಾರು ಹೇಳ್ಯಾರ ನಿನಗ?"

ನನಗೆ ಸಿಟ್ಟು ಬಂತು. ನೀವು ಅಷ್ಟು ಬೇಡಿಕೊಂಡಿರಲ್ಲ, ಮಾವ ಎದ್ದರೇ ಎಂದು ಪಿಸುಗುಟ್ಟಿದೆ. ಹಾಗೆ ಕೇಳಬಾರದಿತ್ತೇನೋ. ಅವರು ಕತ್ತಿ ಕೆಳಗಿಟ್ಟು ಕೈ ಒರೆಸಿಕೊಂಡರು.

"ಏಳಲಿಲ್ಲ. ನಾನೂ ಭಾಳ ಜಗಳ ಆಡೇನಿ ದೇವರ ಜೋಡಿ. ಆದ್ರ ಮುಂಜಾನೆ ಅವರನ್ನ ಹೊರಳಿಸಿ ಮಲಗಿಸಾಕ ದಿನಾ ಎಲ್ಲಿಂದಲೋ ಶಕ್ತಿ ಬರ್ತಿತ್ತು. ಅದು ನಂದಲ್ಲ."

ಆ ಸಂಜೆ ಕುಟುಂಬ ಪ್ರಾರ್ಥನೆಗೆ ಕೂತಾಗ ಅತ್ತೆ ಜಪಮಾಲೆಯನ್ನು ನನ್ನ ಕೈಗಿಟ್ಟರು. ನಾನು ಶುರುಮಾಡಿದೆ. ಯಾರಿಗೂ ಕೇಳಿಸಲಿಲ್ಲ. ಗಂಡ ಎದ್ದು ಫ್ಯಾನ್ ಆರಿಸಿದ. ಮಗಳು ನನ್ನ ಮೊಣಕಾಲಿಗೆ ತಾಗಿ ಕೂತಳು. ಸೆಕೆಯಲ್ಲಿ ಬೆವರುತ್ತ, ನನ್ನ ತುಟಿ ನೋಡುತ್ತ, ಅವರು ಒಂದೊಂದು ಪ್ರಾರ್ಥನೆಗೂ ಓಗೊಟ್ಟರು. ನಡುವೆ ನನಗೆ ಅಳು ಬಂತು. ಅತ್ತೆ ಕಾದರು.

ಆಮೇಲೆ ತಿಂಗಳುಗಟ್ಟಲೆ ಗಂಟಲಿನ ವ್ಯಾಯಾಮ ಮಾಡಿದೆ. ಈಗ ಒಡಕು ದನಿಯೊಂದು ಬಂದಿದೆ, ಪಾಠಕ್ಕೆ ಸಾಕಾಗುತ್ತದೆ. ಹಾಡಲು ಆಗದು. ಚರ್ಚಿನಲ್ಲಿ ಬೇರೆಯವರು ಹಾಡುವಾಗ ಇಂದಿಗೂ ತಲೆ ತಗ್ಗಿಸಿ ನಿಲ್ಲುತ್ತೇನೆ. ಆದರೂ ಹೋಗುತ್ತೇನೆ, ಹಾಡುವ ದನಿ ಕೊಡೆಂದು ದೇವರನ್ನು ಕೇಳುತ್ತೇನೆ. ಕೊಟ್ಟಿಲ್ಲ. ಕೇಳುವಾಗ ಒಬ್ಬಳೇ ಇದ್ದೇನೆ ಅನ್ನಿಸುವುದು ಮಾತ್ರ ನಿಂತಿದೆ.