ನಳಿಗೆಯ ಬಾಯಿ ಎಡಕ್ಕೆ

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಬೆಳ್ಳಗಿರುತ್ತಿತ್ತು. ಮೂವತ್ತು ವರ್ಷ ಗೋಕಾಕದ ಸಾಲಿಯಲ್ಲಿ ಗಣಿತ ಕಲಿಸಿದ ನನ್ನ ಉಗುರಿನಲ್ಲೂ ಅಷ್ಟು ಖಡು, ಅಂದರೆ ಸೀಮೆಸುಣ್ಣ, ಕೂತಿರಲಿಲ್ಲ. ಹುಕ್ಕೇರಿಯ ಅವರ ಸೈಕಲ್ ಅಂಗಡಿಗೆ ಹಳೆಯ ಏರ್‌ಗನ್ ಬಂತೆಂದರೆ, ಅದನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಗೆ ಖಡು ತಿಕ್ಕಿ, ಉಗುರಾಡಿಸಿ ಒರೆಸುತ್ತಿದ್ದರು. ತುಕ್ಕಿನೊಳಗಿಂದ ನಂಬರು ಬೆಳ್ಳಗೆ ಎದ್ದು ಬರುತ್ತಿತ್ತು. ಆಮೇಲೆ ತೀರ್ಪು: ಯಾವ ಮಾಡೆಲ್, ಯಾವ ಕಾಲದ್ದು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಊರಿಗೆಲ್ಲ ಅವರು ಕಾಕಾ. ಜೈನರು; ಇರುವೆ ಸಾಲು ಕಂಡರೆ ಸೈಕಲ್ಲಿಳಿದು ದಾಟುವವರು. ಗುಬ್ಬಿಗೂ ಗುರಿ ಇಟ್ಟವರಲ್ಲ. ಬಂದೂಕಿನ ವಿದ್ಯೆ ಹುಡುಕಿ ಹುಡುಕಿ ಇಂಥವರಿಗೇ ಒಲಿದಿತ್ತು.

ಒಮ್ಮೆ ಮೂಡಲಗಿಯ ಕಬ್ಬಿನ ಸಾಹುಕಾರರೊಬ್ಬರು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. "ಬ್ರಿಟಿಷ್ ಸಾಹೇಬ ನಮ್ಮಜ್ಜಗ ಖುದ್ದ ಕೊಟ್ಟದ್ದರಿ ಇದು."

"ಮಾತು ಬ್ಯಾಡ್ರಿ, ನಂಬರ ತೋರಸ್ರಿ," ಅಂದರು ಕಾಕಾ. ಖಡು ತಿಕ್ಕಿ ನೋಡಿ, ದುಃಖದ ಸುದ್ದಿ ಹೇಳುವ ದನಿಯಲ್ಲಿ, "ಸಾಹೇಬ ಹಡಗ ಹತ್ತಿ ಹೋದಮ್ಯಾಲ ಹುಟ್ಟೇತ್ರಿ ಇದು. ಕೊಟ್ಟಿದ್ರ ಅಂವಾ ಪೋಸ್ಟಿನ್ಯಾಗ ಕಳಿಸಿರಬೇಕು."

ನನಗೂ ಪಾಠ ಹೇಳಿದ್ದರು. "ಹಿಡಿ ಬದಲಾಗಿರತೈತಿ, ಸ್ಪ್ರಿಂಗ್ ಬದಲಾಗಿರತೈತಿ, ರೂಪಕ್ಕ ಮರುಳಾಗಬ್ಯಾಡ್ರಿ ಮಾಸ್ತರ. ನಂಬರ ಓದೂ ಮುಂದ ನಳಗಿ ಬಾಯಿ ಎಡಕ್ಕ ಇರ್ಬೇಕು. ಮನಷ್ಯಾನ್ನ ದಿಕ್ಕ ನೋಡಿ ಮಲಗಸ್ತೀವಿ, ಬಂದೂಕಿಗ್ಯಾಕ ಬ್ಯಾಡ?"

ಅಂಗಡಿಗೆ ಬರುವ ಪ್ರತಿ ಬಂದೂಕಿನಲ್ಲೂ ಅವರು ಒಂದೇ ಬಂದೂಕನ್ನು ಹುಡುಕುತ್ತಿದ್ದರೆಂಬುದು ನನಗೆ ತಡವಾಗಿ ತಿಳಿಯಿತು. ಅವರಪ್ಪ ಡಬ್ಬಿಗೆ ಗುರಿ ಇಡುತ್ತಿದ್ದ ಏರ್‌ಗನ್ ಅದು. ಮಗನ ಬೆರಳು ಹಿಡಿದು ಅದರ ನಂಬರಿನ ಮೇಲೆ ಆಡಿಸಿ ಅಂಕಿ ಕಲಿಸಿದ್ದರಂತೆ. ಎರವಲು ಒಯ್ದ ಗೆಳೆಯ ಊರು ಬಿಟ್ಟ, ಬಂದೂಕೂ ಹೋಯಿತು. ನಂಬರೆಷ್ಟು ಅಂದರೆ ಮಾತ್ರ ಹೇಳರು. "ಹೇಳಿದ್ನೆಂದ್ರ, ನಾಳೆ ಹತ್ತ ಮಂದಿ ಅದ ನಂಬರ ಕೊರಸ್ಕೊಂಡು ಬರ್ತಾರ!" ಎರಡು ಸಾವಿರದೊಳಗಿನದು, ಹಳೇ ಮಾಡೆಲ್, ಇಷ್ಟೇ ನನಗೆ ಸಿಕ್ಕ ಸುಳಿವು.

ಹೋದ ವರ್ಷ ಮಮದಾಪುರದಲ್ಲಿ, ಕುರಿ ಸಾಕುವ ನನ್ನ ಹಳೆಯ ವಿದ್ಯಾರ್ಥಿಯ ಮನೆಯಲ್ಲಿ ಅಂಥದೊಂದು ಕಂಡಿತು. ಗೋವಿನಜೋಳಕ್ಕೆ ಬರುವ ಮಂಗಗಳನ್ನು ಹೆದರಿಸಲು ಇಟ್ಟದ್ದು. ಕಾಕಾಗೆ ಫೋನು ಮಾಡಿದೆ. ಆಗಲೇ ಅವರಿಗೆ ಮೊಣಕಾಲು ಬಾವು. ಅಂಗಡಿಯ ಮೆಟ್ಟಿಲೇ ದೂರದ ಪ್ರಯಾಣ.

"ನಂಬರ ಹೇಳ್ರಿ."

"ಎಂಟು ಸೊನ್ನೆ ಒಂಬತ್ತು ಒಂದು."

"ಬಾಯಿ ಎಡಕ್ಕ ಐತೇನ್ರಿ?"

ಹುಡುಗನ ಹೆಂಡತಿ ಚಹಾ ತಂದಿಟ್ಟಿದ್ದಳು, ಆರುತ್ತಿತ್ತು. "ಐತ್ರಿ," ಅಂದೆ. ನೋಡಲಿಲ್ಲ.

"ಅಂದ್ರ ಈಚಿನ ಮಾಡೆಲ್. ಅದಲ್ಲ ಬಿಡ್ರಿ."

"ಗಾಡಿ ಮಾಡ್ಲೇನ್ರಿ? ಬಂದು ಒಮ್ಮೆ ನೋಡ್ರಲ್ಲ."

"ಗಣಿತದ ಮಾಸ್ತರ್ರು ಓದಿದ ನಂಬರ. ನಾ ಬಂದು ನೋಡೂದೇನೈತ್ರಿ?"

ನಾನು ಉಬ್ಬಿದೆ. ಯಾರ ಮಾತನ್ನೂ ನಂಬದೆ ನಂಬರನ್ನಷ್ಟೇ ನಂಬಿದ ಮನುಷ್ಯ, ಅವತ್ತೊಂದು ದಿನ ನನ್ನ ಮಾತು ನಂಬಿದರು.

ಎರಡು ತಿಂಗಳಿಗೆ ಕಾಕಾ ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ, ನಮ್ಮೆಲ್ಲರ ಕಾಕು, ಹೇಳಿದರು: "ಕಡೀತನಕ ಅದ ನಂಬರ ಬಾಯಾಗ ಇತ್ರಿ. ಒಂದು ಆರು ಸೊನ್ನೆ ಎಂಟು."

ಗೋಕಾಕದ ಬಸ್ಸು ಹತ್ತಿದೆ. ಟಿಕೆಟ್ಟಿನ ಹಿಂದೆ 8091 ಎಂದು ಬರೆದು ನೋಡುತ್ತ ಕೂತೆ. ಕಂಡಕ್ಟರ್ ಚೆಕ್ಕಿಂಗಿಗೆ ಕೇಳಿದಾಗ ಚೀಟಿಯನ್ನು ಅವನ ಕಡೆ ತಿರುಗಿಸಿ ಕೈ ಚಾಚಿದೆ. ನನ್ನ ಕಣ್ಣಿಗೆ ಅಂಕಿಗಳೂ ತಲೆಕೆಳಗಾದವು.

ಇಳಿದವನು ಮನೆಗೆ ಹೋಗಲಿಲ್ಲ, ಮಮದಾಪುರಕ್ಕೆ ಹೋದೆ. ಬಂದೂಕನ್ನು ಅಂಗಾತ ಮಲಗಿಸಿ, ಬಾಯಿ ಎಡಕ್ಕೆ ಮಾಡಿ, ಖಡು ತಿಕ್ಕಿದೆ. 1608.

ಹುಡುಗ ಬಂದೂಕು ಕೊಟ್ಟುಬಿಟ್ಟ. ಮರುದಿನ ಹುಕ್ಕೇರಿಯ ಆ ಬೆಂಚಿನ ಮೇಲೆ ಅದನ್ನು ಮಲಗಿಸಿದೆ. ಕಾಕು ಬಹಳ ಹೊತ್ತು ಅಂಕಿಗಳ ಮೇಲೆ ಬೆರಳಾಡಿಸಿದರು.

"ಮೊದಲ ಯಾರ ಕಣ್ಣಿಗೂ ಬಿದ್ದಿರಲಿಲ್ಲೇನ್ರಿ ಮಾಸ್ತರ ಇದು?"

"ಬಿದ್ದಿತ್ರಿ ಕಾಕು. ನನ್ನ ಕಣ್ಣಿಗೇ ಬಿದ್ದಿತ್ತು."

ಅವರು ಒಳಗೆ ಹೋಗಿ ಚಹಾ ಮಾಡಿ ತಂದರು. ಬಂದೂಕಿನ ಪಕ್ಕದಲ್ಲೇ ಇಟ್ಟರು.

ಅದು ಪೂರ್ತಿ ಆರಿತು. ನಾನು ಮುಟ್ಟಲಿಲ್ಲ.