ಆಕಾಶಕ್ಕೆ ನನ್ನ ಕಾಣಿಕೆ

ನನ್ನ ಸಕ್ಕರೆ ಕಾಯಿಲೆಯಿಂದ ಮನುಷ್ಯಕುಲಕ್ಕೆ ಏನಾದರೂ ಪ್ರಯೋಜನವಾದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕೊಟ್ಟೂರಿನಲ್ಲಿ ಕಿರಾಣಿ ಅಂಗಡಿ ನನ್ನದು. ಊರಿಗೆಲ್ಲ ಬೆಲ್ಲ ತೂಗುವ ನನಗೆ, ನಮ್ಮ ಮನೆಯ ಬೆಲ್ಲದ ಡಬ್ಬಿ ಎಲ್ಲಿದೆಯೆಂದು ಹೆಂಡತಿ ಗಿರಿಜಮ್ಮ ಹೇಳುವುದಿಲ್ಲ. ಬರೀ ಸೊಪ್ಪು ತಿಂದುಕೊಂಡು, ಹೊತ್ತುಹೊತ್ತಿಗೆ ಗುಳಿಗೆ ನುಂಗಿಕೊಂಡು ಇದ್ದವನು. ಈಗ ಬಾಹ್ಯಾಕಾಶ ಸಂಶೋಧನೆಗೆ ನನ್ನದೂ ಒಂದು ಕಾಣಿಕೆ ಸಂದಿದೆ. ಏನು ಕೊಟ್ಟೆನೆಂದು ಹೇಳಲು ನಾಚಿಕೆ. ಹೇಳದಿದ್ದರೆ ಮಾತು ಮುಂದೆ ಹೋಗುವುದಿಲ್ಲ.

ಮಗಳು ಶೈಲಾ ಎಂಜಿನಿಯರು. ಗಗನಯಾತ್ರಿಗಳನ್ನು ಆಕಾಶದಲ್ಲಿ ಬದುಕಿಸಿಡುವ ಯಂತ್ರಗಳನ್ನು ಅವಳ ಕಂಪನಿ ಮಾಡುತ್ತದೆ. ಅಲ್ಲಿ ನಲ್ಲಿಯಿಲ್ಲ, ಬೋರ್‌ವೆಲ್ ಇಲ್ಲ. ಇಲ್ಲಿಂದ ಹೊತ್ತುಕೊಂಡು ಹೋಗೋಣವೆಂದರೆ ಎಷ್ಟಂತ ಹೊರುವುದು? ಹಾಗಾಗಿ ಬೆವರು, ಉಸಿರಿನ ತೇವ, ಕೊನೆಗೆ ಮೂತ್ರ, ಎಲ್ಲವನ್ನೂ ಹಿಡಿದು ಶುದ್ಧಮಾಡಿ ಮತ್ತೆ ಕುಡಿಯಬೇಕು. ಮೂತ್ರದ ಯಂತ್ರ ನನ್ನ ಮಗಳ ಪಾಲಿನದು. ಅವರಲ್ಲೊಂದು ರೂಢಿ: ಯಂತ್ರ ಕಟ್ಟಿದವರೇ ಮೊದಲ ಲೋಟ ಕುಡಿಯಬೇಕು. ಕುಡಿಯಲೊಲ್ಲದವರ ಯಂತ್ರ ಬೇರೆಯವರ ಕೈಗೆ ಹೋಗುತ್ತದೆ.

ರಜೆಗೆ ಊರಿಗೆ ಬಂದವಳು ಇದನ್ನು ಊಟಕ್ಕೆ ಕೂತಾಗ ಹೇಳಿದ್ದೇ ತಪ್ಪಾಯಿತು. ಗಿರಿಜಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಯಾರದದು?"

"ಆಫೀಸಿನ್ಯಾಗ ಇರೋರ್ದು ಅವ್ವಾ, ಎಲ್ಲಾರ್ದು ಕೂಡ್ಸಿ."

"ಕಂಡೋರ್ದು! ಅದನ್ನ ಕುಡದಿ ಅಂದ್ರ ನನ್ನ ಆಣಿ ಐತಿ ನೋಡು."

ಶೈಲಾ ಎಷ್ಟೇ ಓದಿದ್ದರೂ ತಾಯಿಯ ಆಣೆ ಮುರಿಯುವಷ್ಟು ಓದಿಲ್ಲ. ವರ್ಷಗಟ್ಟಲೆ ದುಡಿದ ಯಂತ್ರ ಕೈಬಿಟ್ಟು ಹೋಗುತ್ತದೆಂದು ಅವಳ ಮುಖ ಬಾಡಿತು. ನೋಡಿ ನನಗೆ ಸಂಕಟವಾಯಿತು.

ಮಗಳ ಪರವಾಗಿ ಗಿರಿಜಮ್ಮನ ಮುಂದೆ ವಕೀಲಿ ಮಾಡಲು ಹೋದೆ. ಹಲವಾಗಲಿನಲ್ಲಿ ಎಮ್ಮೆ ಮೈತೊಳೆದ ಹೊಳೆಯೇ ಮುಂದೆ ಹಡಗಲಿ ಸೀಮೆಗೆ ಹರಿಯುತ್ತದಲ್ಲ, ಅಲ್ಲಿಯವರು ಕುಡಿಯುವುದಿಲ್ಲವೆ ಎಂದೆ. ಗಿರಿಜಮ್ಮನ ತವರು ಹಗರಿಬೊಮ್ಮನಹಳ್ಳಿಯ ಕಡೆ. ಅಲ್ಲಿ ಮಾವನವರು ಕುರಿಗಾರರಿಗೆ ಜೋಳ ಕೊಟ್ಟು, ಹೊಲದಲ್ಲಿ ರಾತ್ರಿ ಹಿಂಡು ನಿಲ್ಲಿಸಿಕೊಳ್ಳುತ್ತಿದ್ದರು. ಹಿಕ್ಕೆ, ಉಚ್ಚೆ ಎರಡೂ ಹೊಲಕ್ಕೆ ಬೀಳಲೆಂದು. ಆ ಹೊಲದ ಜೋಳ ಉಂಡೇ ನೀನು ಬೆಳೆದದ್ದು ಎಂದೆ.

"ಕುರಿ ಸೊಪ್ಪು ತಿಂತಾವ," ಎಂದಳು. "ಈಕಿ ಆಫೀಸಿನವ್ರು ಏನೇನ್ ತಿಂತಾರೋ ಯಾರಿಗ್ಗೊತ್ತು?"

ನನ್ನ ವಕೀಲಿ ಅಲ್ಲಿಗೆ ಮುಗಿಯಿತು.

ಹೊರಡುವ ಮುಂಚೆ ಶೈಲಾ ನನ್ನ ಗುಳಿಗೆ ಡಬ್ಬಿಯನ್ನೇ ನೋಡುತ್ತ ನಿಂತಳು. ಮೂತ್ರಕ್ಕಿಳಿಯುವ ಔಷಧದ ಅಂಶವನ್ನೂ ಯಂತ್ರ ಹಿಡಿಯುತ್ತದೋ ಇಲ್ಲವೋ ನೋಡಬೇಕಂತೆ. ಆಫೀಸಿನವರೆಲ್ಲ ಎಳೆಯರು, ಗಟ್ಟಿಮುಟ್ಟಾದವರು. ಇಷ್ಟೊಂದು ಗುಳಿಗೆ ನುಂಗುವವರು ಅಲ್ಲಿ ಸಿಕ್ಕಿಲ್ಲ. "ಅಪ್ಪಾಜಿ, ನೀವು ಕೊಡ್ತೀರೇನು?" ಎಂದಳು. ಬಂಗಾರ ಕೇಳಿದ್ದರೆ ಯೋಚಿಸುತ್ತಿದ್ದೆನೇನೋ. ಇದಕ್ಕೆ ಇಲ್ಲವೆನ್ನಲಾಗಲಿಲ್ಲ.

ಮುಂದಿನ ಸಲ ಬಂದಾಗ ಬಿಳಿ ಕ್ಯಾನು ತಂದಳು. ತುಂಬಿಸಿ ಬಸ್ಸಿಗೇರಿಸುವಾಗ ಕಂಡಕ್ಟರ್, "ಎಣ್ಣಿ ಏನ್ರೀ? ಚೆಲ್ಲೀತು, ಹುಷಾರು," ಎಂದ. ಕಿರಾಣಿ ಅಂಗಡಿಯವನ ಗಾಂಭೀರ್ಯದಿಂದ ತಲೆಯಾಡಿಸಿದೆ.

ಇವತ್ತು ಬೆಳಿಗ್ಗೆ ಶೈಲಾ ಸ್ಟೀಲ್ ಬಾಟಲಿ ಹಿಡಿದು ಬಂದಳು. ಲ್ಯಾಬಿನ ಪರೀಕ್ಷೆಗಳೆಲ್ಲ ಮುಗಿದು, ಕುಡಿಯಬಹುದೆಂದು ತೀರ್ಮಾನವಾಗಿತ್ತು. ಅಡುಗೆಮನೆ ಕಟ್ಟೆಯ ಮೇಲೆ ಮೂರು ಲೋಟಕ್ಕೆ ಸುರಿದಳು. ಗಿರಿಜಮ್ಮನದು ಮತ್ತದೇ ಪ್ರಶ್ನೆ.

"ಯಾರದು?"

"ಅಪ್ಪಾಜೀದು. ಬರೇ ಅಪ್ಪಾಜೀದು."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ವಿಜ್ಞಾನದ ಪಕ್ಷದವನಾದ ನಾನು ಧೈರ್ಯವಾಗಿ ಲೋಟ ಎತ್ತಿದೆ, ಮೂಗಿನ ತನಕ ತಂದೆ, ಇಳಿಸಿದೆ. ಗಿರಿಜಮ್ಮ ಎಲ್ಲಿಂದಲೋ ಬೆಲ್ಲ ತಂದು, ದೂರದಿಂದ ಬಂದವರಿಗೆ ನೀರಿನ ಜೊತೆ ಕೊಡುವಂತೆ ಮಗಳ ಕೈಗೊಂದು ಚೂರು ಇಟ್ಟಳು. ಆಮೇಲೆ ತಾನೇ ಮೊದಲು ಒಂದು ಗುಟುಕು ಕುಡಿದಳು.

"ಇವರೂ ಸೊಪ್ಪ ತಿನ್ನಾದು," ಎಂದಳು. "ಸಪ್ಪಗೈತಿ. ಸಕ್ಕರಿನೂ ಇಲ್ಲ, ಗುಳಿಗಿನೂ ಇಲ್ಲ. ಮಿಷನ್ ಚಲೋ ಐತಿ, ಕುಡಿಯವಾ."

ಶೈಲಾ ಒಂದೇ ಉಸಿರಿಗೆ ಕುಡಿದಳು. ಕಣ್ಣು ತುಂಬಿದ್ದವು. ಕಟ್ಟಿದವರೇ ಮೊದಲು ಕುಡಿಯಬೇಕೆಂಬ ರೂಢಿ ತುಸು ಮುರಿಯಿತು. ಕಟ್ಟಿದವಳನ್ನು ಹೆತ್ತವಳು ಕುಡಿದರೂ ನಡೆದೀತು ಎಂದುಕೊಂಡೆ.

ಆಕಾಶದ ಆ ಪುಟ್ಟ ಕೋಣೆಯಲ್ಲಿ ತಿಂಗಳುಗಟ್ಟಲೆ ಒಬ್ಬರದನ್ನೊಬ್ಬರು ಕುಡಿದು ಬದುಕುವವರು ಕಂಡೋರಾಗಿ ಉಳಿಯದೆ ಮೊದಲು ಮನೆಯವರಾಗಬೇಕು. ಅದಕ್ಕೆ ನನ್ನ ಮಗಳೂ ಇನ್ನೂ ಯಂತ್ರ ಮಾಡಿಲ್ಲ.

ನನ್ನ ಲೋಟ ಕಟ್ಟೆಯ ಮೇಲೆ ಹಾಗೇ ಇದೆ. ಗಿರಿಜಮ್ಮ ಅದರ ಪಕ್ಕದಲ್ಲಿ, ಇಷ್ಟು ವರ್ಷ ನನ್ನಿಂದ ಬಚ್ಚಿಟ್ಟ ಬೆಲ್ಲದ ಒಂದು ಚೂರು ಇಟ್ಟು ಹೋಗಿದ್ದಾಳೆ. ಇನ್ನು ಕುಡಿಯದೆ ವಿಧಿಯಿಲ್ಲ.